ಹತ್ತಿರಕ್ಕಲ್ಲ, ಬೆಳಕಿಗೆ ದುಡ್ಡು ಕೊಡಿ

ನನ್ನ ಮೊದಲ ಬೈನಾಕ್ಯುಲರ್ ಮೇಲೆ 20×50 ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮುಂದಿನ ಗಾಜು ದಾಳಿಂಬೆ ಕಾಳಿನಂತೆ ಕೆಂಪಗೆ ಹೊಳೆಯುತ್ತಿತ್ತು. ಇಪ್ಪತ್ತು ಪಟ್ಟು ಹತ್ತಿರ ಕಾಣುತ್ತದೆಂದರೆ ಹಕ್ಕಿ ನೋಡುವವನಿಗೆ ಇನ್ನೇನು ಬೇಕು ಎಂದುಕೊಂಡಿದ್ದೆ. ಎಂಟು ವರ್ಷ ಅದನ್ನೇ ಕೊರಳಿಗೆ ಹಾಕಿಕೊಂಡು ತಿರುಗಿ, ಹೋದ ವರ್ಷ ಒಂದು ಒಳ್ಳೆಯ 8×42 ಕೊಂಡೆ.

ಎರಡನ್ನೂ ಒಂದೇ ಸಂಜೆ ಮನೆ ಹಿಂದಿನ ಹಲಸಿನ ಮರಕ್ಕೆ ಹಿಡಿದೆ. ಚಳಿಗಾಲಕ್ಕೆ ವಲಸೆ ಬರುವ ಪುಟ್ಟ ಉಲಿಯಕ್ಕಿಯೊಂದು ಎಲೆಗಳ ನಡುವೆ ಕುಪ್ಪಳಿಸುತ್ತಿತ್ತು. ಈ ಹಕ್ಕಿಗಳೆಲ್ಲ ನೋಡಲು ಒಂದೇ ಥರ; ರೆಕ್ಕೆಯ ಮೇಲೆ ಬಿಳಿಗೆರೆ ಇದೆಯೇ ಎಂದು ನೋಡಿ ಗುರುತು ಹಿಡಿಯಬೇಕು. ಹಳೆಯದರಲ್ಲಿ ಹಕ್ಕಿ ದೊಡ್ಡದಾಗಿಯೇ ಕಂಡಿತು, ಆದರೆ ನಡುಗುವ ಬೂದು ಮುದ್ದೆಯಂತೆ. ಹೊಸದರಲ್ಲಿ ಚಿಕ್ಕದಾಗಿ ಕಂಡರೂ ಗೆರೆ ಸ್ಪಷ್ಟವಾಗಿತ್ತು, ಕೂದಲೆಳೆಯಷ್ಟು ತೆಳ್ಳಗೆ.

ಇದರ ಹಿಂದಿರುವುದು ಸರಳ ಭಾಗಾಕಾರ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 8×42ರಲ್ಲಿ ಅದು 5.25 ಮಿ.ಮೀ., 20×50ರಲ್ಲಿ ಬರೀ 2.5. ಮುಸ್ಸಂಜೆಗೆ ನಮ್ಮ ಕಣ್ಣಿನ ಪಾಪೆ ಅರಳಿ ಕಾಯುತ್ತಿದ್ದರೂ ಅದರೊಳಕ್ಕೆ ಹೋಗಲು ಬೆಳಕೇ ಇರುವುದಿಲ್ಲ. ಜೊತೆಗೆ ಕೈ ನಡುಕವೂ ಇಪ್ಪತ್ತು ಪಟ್ಟಾಗುತ್ತದೆ.

ಎರಡನೆಯದು ಲೇಪನ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹತ್ತು ಮೈ ದಾಟುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿಬಿಡುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ ಈ ಸೋರಿಕೆ ತಡೆಯುವ ತೆಳು ಲೇಪನ ಕಂಡುಹಿಡಿದರು. ಇಂದಿನ ಒಳ್ಳೆಯ ಬೈನಾಕ್ಯುಲರ್‌ಗಳಲ್ಲಿ ಎಲ್ಲ ಮೈಗಳಿಗೂ ಹಲವು ಪದರ ಇರುತ್ತದೆ. ನಾನು ಮರುಳಾಗಿದ್ದ ಆ ಕೆಂಪು ಹೊಳಪು ಮಾತ್ರ ಕೆಂಪು ಬೆಳಕನ್ನು ಹೊರಗೇ ತಳ್ಳುವ ಲೇಪನ. ಮಿಂಚುಳ್ಳಿಯ ಕಂದು ಎದೆ ಅದರಲ್ಲಿ ಸಪ್ಪೆಯಾಗಿ ಕಾಣುತ್ತದೆ.

ಅಗ್ಗದ ಮಾಲಿನ ದೊಡ್ಡ ದೋಷ ಇವೆರಡೂ ಅಲ್ಲ. ಎರಡು ಕೊಳವೆಗಳು ಒಂದೇ ಕಡೆ ನೋಡುವುದಿಲ್ಲ, ಅದು. ಕೂದಲೆಳೆಯಷ್ಟು ವಾರೆಯಾಗಿದ್ದರೂ ಎರಡು ಚಿತ್ರಗಳನ್ನು ಕೂಡಿಸಲು ಕಣ್ಣು ಹೆಣಗುತ್ತದೆ. ಅರ್ಧ ಗಂಟೆಗೆ ನೆತ್ತಿ ಸಿಡಿಯುತ್ತಿತ್ತು, ನಾನು ಬಿಸಿಲನ್ನು ದೂರುತ್ತಿದ್ದೆ. ಹೊಸದು ಬಂದ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ನೋಡಿದರೂ ತಲೆನೋವಿಲ್ಲ. ಕೊಟ್ಟ ದುಡ್ಡಿಗೆ ಇದೊಂದೇ ಸಾಕು ಎನಿಸಿದೆ.

ಹಾಗಂತ ಲಕ್ಷ ದಾಟುವ ಝೈಸ್, ಸ್ವರೋವ್ಸ್ಕಿಗಳಿಗೆ ಸಾಲ ಮಾಡಬೇಕಿಲ್ಲ. ಅಗ್ಗದ್ದರಿಂದ ನಡುದರ್ಜೆಗೆ ಬಂದಾಗ ಸಿಗುವ ಲಾಭ ಅಲ್ಲಿಂದ ಮೇಲಕ್ಕೆ ಹೋದಾಗ ಸಿಗುವುದಿಲ್ಲ. ಮಲೆನಾಡಿನವರು ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು: ಒಳಗೆ ನೈಟ್ರೋಜನ್ ತುಂಬಿ ನೀರು ಹೋಗದಂತೆ ಮುಚ್ಚಿದ್ದನ್ನೇ ಕೊಳ್ಳಬೇಕು. ಇಲ್ಲವಾದರೆ ಒಂದೆರಡು ಮಳೆಗಾಲದಲ್ಲಿ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ.

ಅಂಗಡಿಯ ದೀಪದ ಕೆಳಗೆ ಎಲ್ಲ ಬೈನಾಕ್ಯುಲರ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಸಂಜೆ ಆರರ ಹೊತ್ತಿಗೆ ಹೋಗಿ, ಹೊರಗೆ ಬಂದು ಯಾವುದಾದರೂ ಮರದ ನೆರಳಿನೊಳಕ್ಕೆ ಹಿಡಿದು ನೋಡಿ, ಆಮೇಲೆ ಬೆಲೆ ಕೇಳಿ.