ಮೆಮೊರಿಯನ್ನು ಗಿಗಾಬೈಟ್‌ನಲ್ಲಿ ಮಾತ್ರ ಅಳೆಯಬೇಕೆ?

ಗಣಕದ ಪಾಠಗಳಲ್ಲೂ ಜನಪ್ರಿಯ ಲೇಖನಗಳಲ್ಲೂ ಮೆಮೊರಿಯನ್ನು ಕಪಾಟಿಗೆ ಹೋಲಿಸುವ ರೂಢಿಯಿದೆ. ಕಪಾಟು ದೊಡ್ಡದಾದಷ್ಟೂ ಹೆಚ್ಚು ಪುಸ್ತಕ. ಗಿಗಾಬೈಟ್ ಹೆಚ್ಚಿದಷ್ಟೂ ಉತ್ತಮ ಗಣಕ. ಎಂಟನೇ ತರಗತಿಗೆ ಇಷ್ಟು ಸಾಕು. ಪದವಿ ತರಗತಿಯಲ್ಲೂ ನಾವು ಅಲ್ಲಿಯೇ ನಿಂತುಬಿಡುತ್ತೇವೆ ಎಂಬುದು ನನ್ನ ಆಕ್ಷೇಪ. ಸರ್ವರ್ ಗಣಕದ ವಿಷಯದಲ್ಲಂತೂ ಈ ಹೋಲಿಕೆ ದಾರಿ ತಪ್ಪಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರನ್ನೇ ನೋಡಿ. 2022ರಲ್ಲಿ ಅದು ಕಾರ್ಯಾರಂಭ ಮಾಡಿದಾಗ 3.3 ಪೆಟಾಫ್ಲಾಪ್ಸ್ ಎಂಬ ಅಂಕಿಗೆ ಪ್ರಚಾರ ಸಿಕ್ಕಿತು. ನಮ್ಮ ಪಾಠಕ್ಕೆ ಹೆಚ್ಚು ಉಪಯುಕ್ತವಾದ ಅಂಕಿ ಇನ್ನೊಂದಿದೆ: ಅದರ ಸಾಮಾನ್ಯ ಘಟಕವೊಂದರ ಮೆಮೊರಿ 192 ಜಿಬಿ. ದ್ವಿಮಾನ ಪದ್ಧತಿ ಕಲಿತವರು ಕೇಳಬೇಕು: 128 ಅಥವಾ 256 ಏಕಲ್ಲ?

ಕಪಾಟಿನ ಹೋಲಿಕೆಯಲ್ಲಿ ಇದಕ್ಕೆ ಉತ್ತರವಿಲ್ಲ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಅಲ್ಲಿ ನೀರು ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಕೊಳವೆಗಳಲ್ಲಿ ಗಂಟೆಗೆ ಎಷ್ಟು ಹರಿದು ಬರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಪ್ರೊಸೆಸರಿಗೂ ಮೆಮೊರಿಗೂ ನಡುವೆ ಇಂಥ ಕೊಳವೆಗಳಿವೆ. ಅವುಗಳ ಹೆಸರು ಚಾನೆಲ್.

ಪ್ರವೇಗದ ಘಟಕದಲ್ಲಿರುವುದು ಎರಡು ಪ್ರೊಸೆಸರ್. ಪ್ರತಿಯೊಂದಕ್ಕೂ 6 ಚಾನೆಲ್, ಒಟ್ಟು 12. ತಲಾ 16 ಜಿಬಿ ಹಂಚಿದರೆ 192. ಹದಿನಾರರ ಎಂಟೇ ಮಾಡ್ಯೂಲ್ ಹಾಕಿ 128 ಮಾಡಿದರೆ ನಾಲ್ಕು ಚಾನೆಲ್ ಖಾಲಿ ಉಳಿಯುತ್ತವೆ.

ಈಗ ಲೆಕ್ಕ ಮಾಡಿ. ಒಂದು ಚಾನೆಲ್ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತದೆ, ಸೆಕೆಂಡಿಗೆ 293.3 ಕೋಟಿ ಸಲ. ಅಂದರೆ ಸುಮಾರು 23.5 ಜಿಬಿ. ಆರೂ ತುಂಬಿದರೆ ಸುಮಾರು 141 ಜಿಬಿ. ಇಷ್ಟಾದರೂ 8 ಬೈಟ್‌ಗಳ ಒಂದು ಸಂಖ್ಯೆ ಬರುವಷ್ಟರಲ್ಲಿ ಆ ಪ್ರೊಸೆಸರ್ ತನ್ನ ಗರಿಷ್ಠ ವೇಗದಲ್ಲಿ ನೂರಕ್ಕೂ ಹೆಚ್ಚು ಗಣನೆ ಮಾಡಬಲ್ಲದು. ಅದೇ 96 ಜಿಬಿಯನ್ನು ಒಂದೇ ಚಾನೆಲಿಗೆ ತುರುಕಿದರೆ ಹರಿವು ಆರರಲ್ಲೊಂದಂಶಕ್ಕೆ ಇಳಿಯುತ್ತದೆ. ಗಿಗಾಬೈಟ್ ಬದಲಾಗಿಲ್ಲ, ಪ್ರೊಸೆಸರ್ ಮಾತ್ರ ಕಾಯುತ್ತ ಕೂರುತ್ತದೆ. ಪೆಟಾಫ್ಲಾಪ್ಸ್ ಅಂಕಿಯೊಂದನ್ನೇ ಹೇಳುವ ವರದಿಗಳು ಬಿಟ್ಟುಬಿಡುವುದು ಇದನ್ನೇ.

ಮೂರನೆಯ ಅಳತೆ ವಿಶ್ವಾಸಾರ್ಹತೆ. ಚಿಪ್ಪಿನ ಹೊದಿಕೆಯಲ್ಲಿರುವ ಯುರೇನಿಯಂ, ಥೋರಿಯಂ ಲೇಶದಿಂದ ಹೊಮ್ಮುವ ಆಲ್ಫಾ ಕಣಗಳು ಮೆಮೊರಿಯ ಬಿಟ್ಟನ್ನು ಮಗುಚಬಲ್ಲವು ಎಂದು ಇಂಟೆಲ್‌ನ ಮೇ ಮತ್ತು ವುಡ್ಸ್ 1979ರಲ್ಲಿ ಪ್ರಕಟಿಸಿದರು. ವಿಶ್ವಕಿರಣಗಳಿಂದಲೂ ಇದೇ ಅಪಾಯ. ಅದಕ್ಕಾಗಿ ಡಿಡಿಆರ್4 ಸರ್ವರ್ ಮಾಡ್ಯೂಲಿನಲ್ಲಿ 64 ಬಿಟ್‌ಗಳ ಜೊತೆಗೆ 8 ತಪಾಸಣಾ ಬಿಟ್‌ಗಳಿರುತ್ತವೆ. ಅವು ಒಂದು ಬಿಟ್ ತಪ್ಪಿದರೆ ತಿದ್ದುತ್ತವೆ, ಎರಡು ತಪ್ಪಿದರೆ ಎಚ್ಚರಿಸುತ್ತವೆ. ವಿಕಿರಣಶೀಲತೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಆದರೂ ಭೌತವಿಜ್ಞಾನದ ತರಗತಿ ಇದನ್ನು ಗಣಕದವರ ಪಾಲಿಗೆ ಬಿಡುತ್ತದೆ, ಗಣಕದ ತರಗತಿ ಭೌತವಿಜ್ಞಾನಕ್ಕೆ ಬಿಡುತ್ತದೆ.

ಈ ಕೊರತೆಗೆ ಬೆಲೆ ತೆರುವುದು ನಾವೇ. ಕಾಲೇಜಿಗೆ ಸರ್ವರ್ ಕೊಳ್ಳುವಾಗ ಕೊಟೇಶನ್ನಿಗೆ ಸಹಿ ಹಾಕುವವರು ಅಧ್ಯಾಪಕರು. ‘ಮೆಮೊರಿ 64 ಜಿಬಿ’ ಎಂದಷ್ಟೇ ಬರೆದ ಹಾಳೆಯನ್ನು ಒಪ್ಪಿಕೊಳ್ಳಬೇಡಿ. ಮಾಡ್ಯೂಲ್ ಎಷ್ಟು, ಯಾವ ಯಾವ ಚಾನೆಲಿನಲ್ಲಿ, ದೋಷ ತಿದ್ದುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಇವೇ ಮೂರು ಪ್ರಶ್ನೆಗಳನ್ನು ಪರೀಕ್ಷೆಯಲ್ಲೂ ಕೇಳಿದರೆ, ಮುಂದೆ ಸಹಿ ಹಾಕಬೇಕಾದ ವಿದ್ಯಾರ್ಥಿಗಳು ಈಗಲೇ ಲೆಕ್ಕ ಕಲಿತಿರುತ್ತಾರೆ.