ಹಾರೀತನ ಗುಟುಕು

ಕನ್ನಡದಲ್ಲಿ ನಾವೆಲ್ಲಿಗೆ ಕಾದಂಬರಿ ಅಂತೀವಿ. ಹೆಸರು ಬಂದಿದ್ದು ಏಳನೇ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದಿಂದ. ಅದನ್ನು ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಚಂಪುವಾಗಿ ಕನ್ನಡಕ್ಕೆ ತಂದ. ಇಷ್ಟು ಎಲ್ಲರಿಗೂ ಗೊತ್ತು. ಆ ಕತೆಯನ್ನು ಶೂದ್ರಕ ರಾಜನ ಮುಂದೆ ಹೇಳುವುದು ಒಂದು ಗಿಣಿ ಅನ್ನುವುದೂ ಗೊತ್ತು. ಆದರೆ ಅದು ಎಂಥಾ ಗಿಣಿ ಅಂತ ಕೇಳಿ ನೋಡಿ, ಸಾಹಿತ್ಯ ಓದಿದವರೂ ಒಂದು ಗಳಿಗೆ ತಡವರಿಸುತ್ತಾರೆ. ಅದು ಗೂಡಿನಿಂದ ಬಿದ್ದ, ರೆಕ್ಕೆ ಬಲಿಯದ, ಮನುಷ್ಯರ ಕೈಯ ಗುಟುಕು ತಿಂದು ಬದುಕಿಕೊಂಡ ತಬ್ಬಲಿ ಮರಿ.

ನಮ್ಮ ಪಾಠಗಳಲ್ಲಿ ಈ ಗಿಣಿಗೆ ಸಿಕ್ಕಿರುವ ಕೆಲಸ ಒಂದೇ: ಕಥನತಂತ್ರ. ಕತೆಯೊಳಗೆ ಕತೆ, ಜನ್ಮದೊಳಗೆ ಜನ್ಮ, ಅದನ್ನು ಹೊತ್ತು ತರುವುದಕ್ಕೆ ಒಂದು ಹಕ್ಕಿ. ಗಿಣಿಯನ್ನು ಗಿಣಿಯಾಗಿ ಓದಿದವರು ಕಡಿಮೆ. ನನ್ನ ತಕರಾರು ಇಲ್ಲೇ ಇದೆ. ಕಾವ್ಯದ ಶುರುವಿನಲ್ಲಿ ಬರುವ ಆ ಮರಿಯ ಕತೆ ಬರೀ ಪೀಠಿಕೆ ಅಲ್ಲ. ಬಿದ್ದ ಮರಿಯನ್ನು ಎತ್ತಿಕೊಂಡವನ ಜವಾಬ್ದಾರಿ ಏನು, ಅದು ಎಲ್ಲಿಗೆ ಮುಗಿಯಬೇಕು ಅನ್ನುವುದರ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಗಟ್ಟಿಯಾದ ಬರಹ ಇನ್ನೊಂದಿಲ್ಲ. ಅದನ್ನು ಓದುವುದಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಕ್ಕಿಂತ ಒಳ್ಳೇ ಜಾಗವೂ ಇಲ್ಲ.

ಯಾಕೆ ಅಂತೀರಾ? ಬಾಣನ ಗಿಣಿ ಹುಟ್ಟುವುದು ವಿಂಧ್ಯದ ಕಾಡಿನಲ್ಲಿ, ಪಂಪಾಸರೋವರದ ದಡದ ಹಳೇ ಬೂರುಗದ ಮರದ ಪೊಟರೆಯಲ್ಲಿ. ನಮ್ಮ ಬಯಲುಸೀಮೆಯ ಗಿಣಿಗೆ ಅಂಥ ಮರ ಸಿಗಬೇಕಲ್ಲ. ಇರುವುದು ತೆಂಗು. ಸಿಡಿಲು ಹೊಡೆದೋ, ಸುಳಿ ಕೊಳೆತೋ, ಕಾಂಡ ಸೋರುವ ರೋಗವೋ ಅಣಬೆ ರೋಗವೋ ತಗುಲಿಯೋ ತಲೆ ಉದುರಿಸಿಕೊಂಡು ನಿಂತ ಬೋಳು ಮರಗಳು ಈ ಕಡೆ ಪ್ರತಿ ತೋಟದಲ್ಲೂ ಇರುತ್ತವೆ. ಮಳೆ ಕೈಕೊಟ್ಟ ವರ್ಷಗಳಲ್ಲಂತೂ ಸಾಲು ಸಾಲೇ. ಅವಕ್ಕೆ ಮರಕುಟಿಗ ತೂತು ಹೊಡೆಯುತ್ತದೆ, ಆಮೇಲೆ ಗಿಣಿ ಬಂದು ಒಕ್ಕಲಾಗುತ್ತದೆ. ಸಂಕ್ರಾಂತಿ ಆಚೀಚೆಯಿಂದ ಯುಗಾದಿ ದಾಟುವವರೆಗೆ ಆ ತೂತುಗಳಲ್ಲಿ ಮೊಟ್ಟೆ, ಮರಿ. ತೋಟದವನಿಗೆ ಸತ್ತ ಮರ ಅಂದ್ರೆ ಇಟ್ಟಿಗೆ ಗೂಡಿನ ಸೌದೆ, ಇಲ್ಲಾ ತೊಲೆ. ಬೇಸಿಗೆಯಲ್ಲೇ ಕಡಿಸುತ್ತಾನೆ. ಮರ ಉರುಳಿದಾಗ ತೂತಿನಿಂದ ಮೂರೋ ನಾಲ್ಕೋ ಮರಿ ಆಚೆ ಬೀಳುತ್ತವೆ.

ಆಮೇಲಿನದು ನಿಮಗೆ ಗೊತ್ತೇ ಇದೆ. "ಅಯ್ಯೋ ಪಾಪ ಕಣಪ್ಪ, ಬಿಟ್ರೆ ಕಾಗೆ ತಿನ್ಕಂಡ್ ಬುಡುತ್ತೆ" ಅಂತ ಒಂದು ಮರಿ ಮನೆಗೆ ಬರುತ್ತದೆ. ರಟ್ಟಿನ ಡಬ್ಬ, ಹಳೇ ಬಟ್ಟೆ, ಮಗುವಿನ ಒಳಲೆಯಲ್ಲಿ ಹಸುವಿನ ಹಾಲು. ಓದಿಕೊಂಡ ಹುಡುಗರಾದರೆ ಯೂಟ್ಯೂಬ್ ನೋಡಿ ಸಿರಿಂಜು ತರುತ್ತಾರೆ. ಈ ವಿಡಿಯೋಗಳನ್ನೂ ವಿಮರ್ಶೆ ಮಾಡಲೇಬೇಕು, ಯಾಕಂದ್ರೆ ಈವತ್ತು ಗಿಣಿ ಸಾಕುವ ವಿಷಯದಲ್ಲಿ ಜನ ಓದುವ ಪಠ್ಯ ಅದೇ. ಅವುಗಳಲ್ಲಿ ಕೆಲವು ಮಾತು ಸರಿ ಇದೆ. ತಣ್ಣಗಾದ ಮರಿಗೆ ಮೊದಲು ಬಿಸುಪು ಕೊಡಬೇಕು, ತಿನ್ನಿಸುವುದು ಆಮೇಲೆ. ಗಂಜಿ ಸುಮಾರು 40 ಡಿಗ್ರಿ ಬೆಚ್ಚಗಿರಬೇಕು. ಹೆಚ್ಚು ಬಿಸಿಯಾದರೆ ಗಂಟಲ ಕೆಳಗಿನ ಮೇವಿನ ಚೀಲ ಸುಡುತ್ತದೆ, ಆರಿದರೆ ಅಲ್ಲೇ ನಿಂತು ಹುಳಿಯುತ್ತದೆ. ಹಿಂದಿನದು ಪೂರ್ತಿ ಇಳಿಯದೆ ಮೇಲೆ ಮೇಲೆ ತುರುಕಬಾರದು. ಹಾಲಂತೂ ಬೇಡವೇ ಬೇಡ, ಹಕ್ಕಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಇಲ್ಲ. ಬರೀ ಅನ್ನ, ಬರೀ ರಾಗಿ ಸರಿ ತಿಂದ ಮರಿ ಹೊಟ್ಟೆ ತುಂಬಿದಂತೆ ಕಂಡರೂ ಪ್ರೋಟೀನು, ಸುಣ್ಣದ ಅಂಶ ಸಾಲದೆ ಕಾಲು ಸೊಟ್ಟಗಾಗಿ ಕೂರುತ್ತದೆ. ಎಲ್ಲಕ್ಕಿಂತ ಅಪಾಯ ಕೊಕ್ಕು ಬಿಡಿಸಿ ನೀರು ಸುರಿಯುವುದು. ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಅಲ್ಲಿಗೆ ನುಗ್ಗಿದರೆ ಮರಿ ಕೈಯಲ್ಲೇ ಹೋಗುತ್ತದೆ.

ಇಷ್ಟು ಹೇಳಿಕೊಡುವ ವಿಡಿಯೋಗಳು ಎಡವುವುದು ಕೊನೆಯ ನಿಮಿಷದಲ್ಲಿ. ಮರಿ ಬೆಳೆದು ಒಡೆಯನ ಹೆಗಲ ಮೇಲೆ ಕೂತು ಅವನ ಹೆಸರು ಕರೆಯುತ್ತದೆ, ಹಿನ್ನೆಲೆಯಲ್ಲಿ ಹಾಡು. ಮುಗಿಯಿತು. ಅಂದರೆ ತಿನ್ನಿಸಿದ್ದಕ್ಕೆ ಗುರಿ ಪಳಗಿಸುವುದು. ಬಾಣ ಬೇರೆಯಾಗುವುದು ಇಲ್ಲೇ.

ಬಾಣನ ಮರಿಗೆ ಹುಟ್ಟುವಾಗಲೇ ತಾಯಿ ಇಲ್ಲ. ಮುದಿ ತಂದೆಗೆ ಹಾರುವ ಶಕ್ತಿ ಇಲ್ಲ. ಬೇರೆ ಗೂಡುಗಳಿಂದ ಉದುರಿದ ಭತ್ತದ ಕಾಳು, ಬೇರೆ ಗಿಣಿಗಳು ತಿಂದು ಬಿಟ್ಟ ಹಣ್ಣಿನ ಚೂರು ಆಯ್ದು ತಂದು ಮರಿಗೆ ಗುಟುಕು ಕೊಟ್ಟು, ಮಿಕ್ಕಿದ್ದನ್ನು ತಾನು ತಿನ್ನುತ್ತದೆ. ಒಂದು ದಿನ ಶಬರರ ಬೇಟೆಯ ದಂಡು ಬರುತ್ತದೆ. ಹಿಂದೆ ಉಳಿದ ಒಬ್ಬ ಮುದುಕ ಮರ ಹತ್ತಿ, ಪೊಟರೆಗಳಿಗೆ ಕೈ ಹಾಕಿ, ಗಿಣಿಗಳನ್ನು ಕೊಂದು ಕೆಳಗೆ ಎಸೆಯುತ್ತಾನೆ. ಅಪ್ಪನ ರೆಕ್ಕೆಯಡಿ ಅಡಗಿದ್ದ ಮರಿ ಒಣ ಎಲೆಯ ರಾಶಿಯ ಮೇಲೆ ಬಿದ್ದು ಬದುಕುತ್ತದೆ, ತೆವಳಿಕೊಂಡು ತಮಾಲದ ಬುಡ ಸೇರುತ್ತದೆ. ಆಮೇಲೆ ಅದಕ್ಕೆ ಆಗುವುದು ನೀರಡಿಕೆ. ಅಪ್ಪ ಸತ್ತು ಬಿದ್ದಿರುವಾಗ ನನಗೆ ನೀರು ಬೇಕು ಅನ್ನಿಸಿತಲ್ಲ, ಜೀವದಾಸೆಗಿಂತ ದೊಡ್ಡದು ಯಾವುದೂ ಇಲ್ಲವಲ್ಲ ಅಂತ ಗಿಣಿ ತನ್ನನ್ನೇ ಹಳಿದುಕೊಳ್ಳುತ್ತದೆ.

ಈ ಒಂದು ಜಾಗ ಸಾಕು ಬಾಣ ಎಂಥವನು ಅಂತ ಹೇಳೋಕೆ. ಕೈ ಕಂಡ ಕೂಡಲೇ ಬಾಯಿ ಬಿಡುವ ಮರಿಯನ್ನು ನೋಡಿ ನಾವು "ನನ್ನನ್ನೇ ಅವ್ವ ಅಂದ್ಕಂಡಿದೆ" ಅಂತ ಕರಗಿಹೋಗುತ್ತೇವೆ. ಅದು ಪ್ರೀತಿಯೂ ಅಲ್ಲ, ನಂಬಿಕೆಯೂ ಅಲ್ಲ, ಹಸಿವು. ಬಾಣ ಆ ಹಸಿವನ್ನು ಹಸಿವು ಅಂತಲೇ ಬರೆದ. ಅದಕ್ಕೆ ಮುದ್ದಿನ ಬಣ್ಣ ಬಳಿಯಲಿಲ್ಲ.

ಆಗ ಸ್ನಾನಕ್ಕೆ ಹೊರಟ ಹಾರೀತ ಬರುತ್ತಾನೆ, ಜಾಬಾಲಿ ಋಷಿಯ ಮಗ. ಮರಿಯನ್ನು ಕೊಳದ ಬಳಿಗೆ ಒಯ್ದು, ಕೊಕ್ಕು ಎತ್ತಿ ಹಿಡಿದು, ಬೆರಳಿನಿಂದ ಕೆಲವೇ ಹನಿ ನೀರು ಕುಡಿಸುತ್ತಾನೆ. ಸುರಿಯುವುದಿಲ್ಲ, ಗಮನಿಸಿ. ತಾವರೆ ಎಲೆಯ ನೆರಳಲ್ಲಿ ಇಡುತ್ತಾನೆ. ಆಶ್ರಮಕ್ಕೆ ತಂದಾಗ ಉಳಿದವರು ಇದೆಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ. ಅವನು ಕೊಡುವ ಉತ್ತರದ ತಿರುಳು ಇಷ್ಟು: ಗೂಡಿನಿಂದ ಬಿದ್ದಿತ್ತು. ನಮ್ಮಂಥ ತಪಸ್ವಿಗಳಿಗೆ ಆ ಮರ ಹತ್ತಲಾಗದು, ಅದಕ್ಕೇ ಗೂಡಿಗೆ ವಾಪಸ್ ಇಡಲಾಗಲಿಲ್ಲ, ತಂದೆ. ರೆಕ್ಕೆ ಬರುವವರೆಗೆ ಇಲ್ಲೇ ಯಾವುದಾದರೂ ಮರದ ಪೊಟರೆಯಲ್ಲಿ ಇರಲಿ, ಕಾಡಿನ ಭತ್ತ, ಹಣ್ಣಿನ ರಸ ಕೊಟ್ಟು ಸಾಕೋಣ. ರೆಕ್ಕೆ ಬಲಿತ ಮೇಲೆ ಇಷ್ಟ ಬಂದ ಕಡೆ ಹೋಗಲಿ. ನಮ್ಮ ಸಂಗ ಒಗ್ಗಿದರೆ ಇಲ್ಲೇ ಇರಲಿ.

ಈ ಉತ್ತರದಲ್ಲಿ ಎಲ್ಲವೂ ಸಾಲಾಗಿ ಬಂದಿವೆ. ಮೊದಲ ಆಯ್ಕೆ ಗೂಡಿಗೆ ವಾಪಸ್ ಇಡುವುದು. ಅದು ಆಗದಿದ್ದರೆ ಮಾತ್ರ ಸಾಕುವುದು. ಸಾಕುವ ಜಾಗ ಪಂಜರವಲ್ಲ, ಪೊಟರೆ. ಸಾಕುವುದಕ್ಕೆ ಒಂದು ಗಡುವಿದೆ, ರೆಕ್ಕೆ. ಆಮೇಲಿನ ತೀರ್ಮಾನ ಹಕ್ಕಿಯದು. ಈವತ್ತು ವನ್ಯಜೀವಿಗಳನ್ನು ಆರೈಕೆ ಮಾಡುವವರು ಹೇಳುವ ಕ್ರಮವೂ ಇದೇ. ಹಾರೀತನ ಹೆಸರಿನಲ್ಲೇ ಕನ್ನಡದ ಕಿವಿಗೆ 'ಹಾರೀತು' ಕೇಳಿಸುವುದು ಕಾಕತಾಳೀಯ ಇರಬಹುದು, ನನಗಂತೂ ಇಷ್ಟ.

ಇದೇ ಕಾವ್ಯದಲ್ಲಿ ಇನ್ನೊಂದು ಕೈಯೂ ಇದೆ. ರೆಕ್ಕೆ ಬಂದ ಗಿಣಿ ಆಶ್ರಮ ಬಿಟ್ಟು ಹಾರಿ, ದಣಿದು, ಮಲಗಿದಲ್ಲೇ ಬಲೆಗೆ ಬೀಳುತ್ತದೆ. ಬೇಟೆಗಾರನನ್ನು ಕಂಡರೆ ಹೆದರಿ ಒದ್ದಾಡುವುದು ಬಿಟ್ಟು ಅವನ ಜೊತೆ ಮಾತಿಗಿಳಿಯುತ್ತದೆ, ಬಿಡು ಅಂತ ಬೇಡುತ್ತದೆ. ಕೈಯಲ್ಲಿ ಬೆಳೆದ ಹಕ್ಕಿಯ ನಿಜವಾದ ಕಷ್ಟ ಇದು. ಮನುಷ್ಯರ ಭಯ ಕಲಿಯದ ಗಿಣಿಯನ್ನು ಹೊರಗೆ ಬಿಟ್ಟರೆ ಮೊದಲು ಕಂಡ ಅಂಗಳಕ್ಕೇ ಇಳಿಯುತ್ತದೆ. ಹಾಗಾಗಿ ಒಂಟಿ ಮರಿಯನ್ನು ಮಾತು ಕಲಿಸಿ ಬೆಳೆಸುವುದಕ್ಕೂ, ಬೇರೆ ಗಿಣಿಗಳ ಜೊತೆ ಇಟ್ಟು ಬೆಳೆಸುವುದಕ್ಕೂ ಬಹಳ ಅಂತರವಿದೆ. ಮುಂದೆ ಚಂಡಾಲಕನ್ಯೆಯ ಕೇರಿಯಲ್ಲಿ ಪಂಜರ. ಅವಳು ಕೊಡುವುದೂ ಹಣ್ಣು, ನೀರೇ. ಗಿಣಿ ಮೊದಲು ಬೇಡ ಅನ್ನುತ್ತದೆ, ಆಮೇಲೆ ಹಸಿವಿಗೆ ಸೋಲುತ್ತದೆ. ಹಾರೀತ ಕೊಟ್ಟಿದ್ದೂ ಅದೇ ಹಣ್ಣು, ಅದೇ ನೀರು. ವ್ಯತ್ಯಾಸ ತಿನಿಸಿನಲ್ಲಿ ಇಲ್ಲ, ಬಾಗಿಲಿನಲ್ಲಿದೆ. ಎರಡು ಗುಟುಕನ್ನು ಒಂದೇ ಕತೆಯೊಳಗೆ ಇಟ್ಟು, ಯಾವುದು ಆರೈಕೆ ಯಾವುದು ಸೆರೆ ಅಂತ ನಮಗೇ ತೂಗೋಕೆ ಬಿಟ್ಟಿದೆ ಈ ಕಾವ್ಯ.

ಹಾಗಂತ ಬಾಣನನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ಎರಡು ಕಡೆ ನನಗೆ ಒಪ್ಪಿಗೆ ಇಲ್ಲ. ಒಂದು, ಜಾಬಾಲಿಯ ಮಾತು. ಮರಿಯನ್ನು ನೋಡಿದ ಕೂಡಲೇ ಅವನು ಇದು ತನ್ನ ಅವಿನಯದ ಫಲವನ್ನೇ ಉಣ್ಣುತ್ತಿದೆ ಅನ್ನುತ್ತಾನೆ. ಕತೆ ಅಲ್ಲಿಂದ ಹಿಂದಿನ ಜನ್ಮಗಳಿಗೆ ಜಿಗಿಯುತ್ತದೆ. ಮಗ ಮಾಡಿದ ಕೆಲಸ ಅಪ್ಪನ ವಿವರಣೆಯಲ್ಲಿ ಮುಳುಗಿಯೇ ಹೋಗುತ್ತದೆ. ಸಾವಿರ ವರ್ಷದಿಂದ ವಿಮರ್ಶೆಯೂ ಜಾಬಾಲಿಯ ಹಿಂದೆಯೇ ಹೋಗಿದೆ, ಹಾರೀತನ ಹಿಂದೆ ಹೋಗಿದ್ದು ಕಡಿಮೆ.

ಎರಡು, ಮರ ಹತ್ತುವ ವಿಷಯ. ಬಾಣನಲ್ಲಿ ಮರ ಹತ್ತಬಲ್ಲವನು ಕೊಲ್ಲುತ್ತಾನೆ, ಕರುಣೆ ಇರುವವನಿಗೆ ಹತ್ತಲು ಬರುವುದಿಲ್ಲ. ಕೈಕೆಲಸದವರಿಗೆಲ್ಲ ಕ್ರೌರ್ಯ, ತಪಸ್ಸು ಮಾಡುವವರಿಗೆಲ್ಲ ದಯೆ. ಆಸ್ಥಾನದ ಕವಿಗೆ ಇದು ಸಹಜ ಅನ್ನಿಸಿರಬಹುದು. ತೆಂಗಿನ ಸೀಮೆಯಲ್ಲಿ ಕೂತು ಓದುವವರಿಗೆ ಅನ್ನಿಸುವುದಿಲ್ಲ. ಇಲ್ಲಿ ಕಾಯಿ ಕೆಡವೋರು ಮರದ ತುದಿಯಲ್ಲಿ ಏನಿದೆ ಅಂತ ಎಲ್ಲರಿಗಿಂತ ಮೊದಲು ತಿಳಿದವರು. ಯಾವ ಬೋಳು ಮರದಲ್ಲಿ ಗಿಣಿ ಇದೆ, ಯಾವುದರಲ್ಲಿ ಮೈನಾ ಇದೆ ಅಂತ ಕೆಳಗೆ ನಿಂತೇ ಹೇಳುತ್ತಾರೆ. ಮರಿ ಇಳಿಸಿ ಮಾರುವವನೂ ಅವರಲ್ಲೇ ಇರಬಹುದು, "ಇದರಲ್ಲಿ ಮರಿ ಅವೆ ಗೌಡ್ರೆ, ಇನ್ನೊಂದ್ ತಿಂಗ್ಳು ಬುಟ್ಟು ಕಡ್ಸಿ" ಅನ್ನುವವನೂ ಅವರಲ್ಲೇ ಇರುತ್ತಾನೆ. ಆ ಮಾತು ನಡೆದರೆ ಸಾಕು, ಸಿರಿಂಜೂ ಬೇಡ, ಗಂಜಿಯೂ ಬೇಡ. ಗಿಣಿಮರಿ ಮೊಟ್ಟೆ ಒಡೆದ ಆರೇಳು ವಾರಕ್ಕೆ ಹಾರಿಹೋಗುತ್ತದೆ. ಸೌದೆ ಅಷ್ಟು ದಿನ ಕಾಯಬಲ್ಲದು. ಮರ ಹತ್ತುವವರು ಸಿಗುತ್ತಿಲ್ಲ ಅಂತ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರ ಕಟ್ಟಿಕೊಂಡು ಹತ್ತುವ ತರಬೇತಿ ಶುರು ಮಾಡಿತು, ಹೆಸರು 'ಫ್ರೆಂಡ್ಸ್ ಆಫ್ ಕೋಕೋನಟ್ ಟ್ರೀ'. ಮರದ ಸ್ನೇಹಿತರಿಗೆ ಮರದೊಳಗಿನ ಒಕ್ಕಲಿನ ಪಾಠವೂ ಒಂದು ಗಂಟೆ ಸೇರಿಸಿದರೆ ತಪ್ಪೇನಿಲ್ಲ.

ಬೆಲೆಯ ಮಾತೂ ಬರಬೇಕು. 2022ರ ಜುಲೈಯಲ್ಲಿ ನಮ್ಮ ಜಿಲ್ಲಾ ಕೇಂದ್ರ ತುಮಕೂರಿನಲ್ಲಿ ರುಸ್ತುಮ ಅನ್ನುವ ಆಫ್ರಿಕದ ಬೂದು ಗಿಣಿ ಕಳೆದುಹೋಯಿತು. ಹುಡುಕಿಕೊಟ್ಟವರಿಗೆ 50,000 ರೂಪಾಯಿ ಅಂತ ಪೋಸ್ಟರು ಬಿದ್ದವು, ಸಿಕ್ಕಾಗ 85,000 ಕೊಟ್ಟರು. ದೇಶವೆಲ್ಲ ಸುದ್ದಿ. ಆ ಮನೆಯವರ ಪ್ರೀತಿಯನ್ನು ಆಡಿಕೊಳ್ಳುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಆ ಜಾತಿಯ ಗಿಣಿ ತನ್ನ ಕಾಡಿನಲ್ಲಿ ಎಷ್ಟು ಬರಿದಾಗಿದೆ ಅಂದ್ರೆ, 2016ರಲ್ಲಿ ಸೈಟಿಸ್ ಒಪ್ಪಂದ ಅದನ್ನು ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಸೇರಿಸಿತು. ಅಲ್ಲಿ ಬರಿದಾಗಿದ್ದಕ್ಕೆ ದೊಡ್ಡ ಕಾರಣ ನಮ್ಮಂಥವರ ಮನೆಯ ಪಂಜರಗಳೇ. ನಮ್ಮ ತೋಟದ ಹಸಿರು ಗಿಣಿಯನ್ನೋ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಗೂಡಿನಿಂದ ತೆಗೆಯುವುದೂ ತಪ್ಪು, ಮನೆಯಲ್ಲಿ ಸಾಕುವುದೂ ತಪ್ಪು. ಬಿದ್ದ ಮರಿ ಸಿಕ್ಕರೆ, ವಾಪಸ್ ಇಡಲು ಆಗದಿದ್ದರೆ, ಬೆಚ್ಚಗಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಕಾನೂನು ಹೇಳುವುದು ಹಾರೀತ ಹೇಳಿದ್ದಕ್ಕಿಂತ ಬಹಳ ಬೇರೆಯೇನಲ್ಲ. ಹಾರೀತ ಹೇಳಿದ್ದು ಚೆನ್ನಾಗಿದೆ, ಅಷ್ಟೇ.

"ಹೊಲದಲ್ಲಿ ಜೋಳದ ತೆನೆ ಹಾಳು ಮಾಡುತ್ತೆ, ಸೀಬೆ ಹಣ್ಣು ಬಿಡಲ್ಲ, ಅದಕ್ಕೆ ಇಷ್ಟು ಪುರಾಣವಾ?" ಅಂತ ರೈತರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊಲಕ್ಕೆ ಬಂದ ಗಿಣಿಯನ್ನು ಓಡಿಸಿ, ತಮಟೆ ಬಡಿಯಿರಿ, ಬಲೆ ಹೊದಿಸಿ. ಹೊಲದಲ್ಲಿ ಕಳ್ಳ, ಮನೆಯಲ್ಲಿ ಅರಗಿಣಿ ಅನ್ನುವ ಇಬ್ಬಂದಿ ಬೇಡ ಅನ್ನುವುದಷ್ಟೇ ನನ್ನ ಮಾತು. ಗಿಣಿ ಸಾಕಿ ಗಿಡುಗನ ಬಾಯಿಗೆ ಕೊಟ್ಟಂತೆ ಅಂತ ಗಾದೆ ಮಾಡಿಕೊಂಡ ನಾವು ಸಾಕುವುದು ಒಳ್ಳೇದು, ಕೊಡುವುದು ಕೆಟ್ಟದ್ದು ಅಂದುಕೊಂಡೆವು. ಸಾಕಿ ಇಟ್ಟುಕೊಳ್ಳುವುದರ ಬಗ್ಗೆ ಗಾದೆ ಏನೂ ಹೇಳುವುದಿಲ್ಲ. ಹಾರೀತ ಹೇಳುತ್ತಾನೆ. ಈ ಸಲ ಕಾದಂಬರಿ ಕೈಗೆ ಬಂದರೆ ಚಂದ್ರಾಪೀಡ, ಮಹಾಶ್ವೇತೆಯರ ಬಳಿಗೆ ಓಡುವ ಮುಂಚೆ ಆ ಪೊಟರೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ತೋಟದಲ್ಲಿ ಬೋಳು ಮರ ಕಡಿಸುವವರಿದ್ದರೆ, ಕಡಿಸುವ ಮುಂಚೆ ಬುಡಕ್ಕೆ ಒಂದೆರಡು ಏಟು ತಟ್ಟಿ, ಸುಮ್ಮನೆ ಕಿವಿಗೊಟ್ಟು ಕೇಳಿ.