ಹುಳುಮನೆಗೊಂದು ನಿಯಮ, ನಡುಮನೆಗೊಂದು

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರ ಹುಳುಮನೆಗೆ ಯಾರೂ ಸುಮ್ಮನೆ ನುಗ್ಗುವಂತಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆಯಬೇಕು. ಬೀಡಿ ಸೇದಿ ಬಂದವರು, ಸೆಂಟು ಹಾಕಿಕೊಂಡು ಬಂದವರು ಆಚೆಯೇ ನಿಲ್ಲಬೇಕು. ಸೊಳ್ಳೆಬತ್ತಿಯನ್ನಂತೂ ಹತ್ತಿರ ಸುಳಿಯಗೊಡುವುದಿಲ್ಲ. ಅದರಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಎಳ್ಳಷ್ಟಿದ್ದರೂ ಹುಳುವಿಗೆ ವಿಷ. ಎಳೆ ಹುಳುವಿನ ಚಾಕಿ ಹಂತ ಮುಗಿದು, ಪೊರೆ ಕಳಚುವ ನಾಲ್ಕನೇ ಜ್ವರ ದಾಟಿ, ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಂಕಿಗೆ ಏರುವವರೆಗೆ ಈ ಎಚ್ಚರ ತಪ್ಪುವಂತಿಲ್ಲ. ತಪ್ಪಿದರೆ ಬೆಳೆಯೇ ಹೋಗುತ್ತದೆ.

ಅಂಥ ಎಷ್ಟೋ ಮನೆಗಳ ನಡುಮನೆಯಲ್ಲಿ ಬೆಳಿಗ್ಗೆ ಎರಡು ಗಂಧದಕಡ್ಡಿ, ಶುಕ್ರವಾರ ಸಂಜೆ ಕಪ್ ಸಾಂಬ್ರಾಣಿ, ಮಲಗುವ ಹೊತ್ತಿಗೆ ಸೊಳ್ಳೆ ಅಗರಬತ್ತಿ ಉರಿಯುತ್ತವೆ. ಈಚೆಗೆ ಗೃಹಪ್ರವೇಶದ ಉಡುಗೊರೆಯಾಗಿ ಬಂದ, ಗಾಜಿನ ಲೋಟದಲ್ಲಿ ಕೂತ ಲ್ಯಾವೆಂಡರ್ ಮೇಣದಬತ್ತಿಯೂ ಟೀಪಾಯಿಯ ಮೇಲೆ ಬಂದಿದೆ. ಹುಳುವಿಗೆ ಕೊಡುವ ಗಾಳಿಯ ಬಗ್ಗೆ ಇಷ್ಟು ತಿಳಿದಿರುವ ಊರುಗಳು ಮನುಷ್ಯರಿಗೆ ಕೊಡುವ ಗಾಳಿಯನ್ನೂ ಅದೇ ಕಟ್ಟುನಿಟ್ಟಿನಿಂದ ಅಳೆಯಬೇಕು.

ಗಂಧದಕಡ್ಡಿಯಿಂದಲೇ ಶುರುಮಾಡಬಹುದು. ಬಿದಿರಿನ ಕಡ್ಡಿಗೆ ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆ ಜಿಗಟು ಸೇರಿಸಿ ಹೊಸೆದು, ಒಣಗಿದ ಮೇಲೆ ಸುಗಂಧದ ದ್ರಾವಣದಲ್ಲಿ ಅದ್ದುತ್ತಾರೆ. ದೀಪದ ಹಾಗೆ ಅದು ಜ್ವಾಲೆಯಾಗಿ ಉರಿಯುವುದಿಲ್ಲ, ಕನಲುತ್ತದೆ. ಹಾಗಾಗಿ ಅರೆಬರೆ ಸುಟ್ಟದ್ದೆಲ್ಲ ಹೊಗೆಯಾಗಿ ಮನೆ ತುಂಬುತ್ತದೆ. ಒಂದು ಗ್ರಾಂ ಸಿಗರೇಟು ಉರಿದಾಗ ಸುಮಾರು 10 ಮಿಲಿಗ್ರಾಂ ಕಣ ಹೊರಬಂದರೆ, ಒಂದು ಗ್ರಾಂ ಧೂಪದಿಂದ ಸರಾಸರಿ 45 ಮಿಲಿಗ್ರಾಂ ಎಂಬುದು ವೈದ್ಯಕೀಯ ಲೇಖನಗಳಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಅಳತೆ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಕಿಟಕಿ, ಬಾಗಿಲು ಮುಚ್ಚಿ ಅಲ್ಲಿ ಒಂದು ಗ್ರಾಂ ಬತ್ತಿ ಉರಿಸಿದರೆ ಕಣಗಳ ಮಟ್ಟ ಘನ ಮೀಟರಿಗೆ 1,600 ಮೈಕ್ರೋಗ್ರಾಂ ಮುಟ್ಟುತ್ತದೆ. ಸೂಕ್ಷ್ಮ ಕಣಗಳಿಗೆ ನಮ್ಮ ದೇಶ ಇಟ್ಟುಕೊಂಡಿರುವ ದಿನದ ಸರಾಸರಿ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಕಿಟಕಿ ತೆರೆದರೆ ಈ ಮಟ್ಟ ಬೇಗ ಇಳಿಯುತ್ತದೆ. ಆದರೆ ನಮ್ಮಲ್ಲಿ ದೇವರ ಮನೆ ಎಂದರೆ ಬಹುಪಾಲು ಕಿಟಕಿಯಿಲ್ಲದ ಗೂಡು.

ಮೇಣದಬತ್ತಿಯ ಮಾತಿಗೆ ಬಂದರೆ, ಪ್ಯಾರಫಿನ್ ಕೆಟ್ಟದ್ದು, ಸೋಯಾ ಮೇಣ ಒಳ್ಳೆಯದು ಎಂಬ ಪ್ರಚಾರ ಜೋರಾಗಿದೆ. ಇದಕ್ಕೆ ಆಧಾರವಾಗಿ ತೋರಿಸುವುದು ಅಮೆರಿಕದ ಸೌತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2009ರಲ್ಲಿ ಮಂಡಿಸಿದ ಪ್ರಯೋಗವನ್ನು: ಪ್ಯಾರಫಿನ್ ಬತ್ತಿಯಿಂದ ಟಾಲ್ವೀನ್‌ನಂಥ ರಾಸಾಯನಿಕ ಬಂತು, ಸೋಯಾದಿಂದ ಬರಲಿಲ್ಲ ಎಂದು ಅದು ಹೇಳಿತು. ಅದಕ್ಕೂ ಮೊದಲು, 2007ರಲ್ಲಿ, ಮೇಣದಬತ್ತಿ ಉದ್ಯಮದ ಹಣದಲ್ಲೇ ನಡೆದ ಯುರೋಪಿನ ಅಧ್ಯಯನಕ್ಕೆ ಬೇರೆ ಬೇರೆ ಮೇಣಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಬರೀ ಮೇಣದ ಹೆಸರು ನೋಡಿ ದುಪ್ಪಟ್ಟು ಬೆಲೆ ಕೊಡಲು ತಕ್ಕ ಕಾರಣ ಸಿಗುವುದಿಲ್ಲ.

ಮೇಣಕ್ಕಿಂತ ಬತ್ತಿ ಮುಖ್ಯ, ಅದಕ್ಕಿಂತ ಉರಿಸುವ ರೀತಿ ಮುಖ್ಯ. ಬತ್ತಿ ಉದ್ದವಾದರೆ ಜ್ವಾಲೆ ಮೇಲೇಳುತ್ತದೆ, ತುದಿಯಲ್ಲಿ ಅಣಬೆಯಂತೆ ಕರಿ ಕಟ್ಟುತ್ತದೆ, ಲೋಟದ ಅಂಚು ಕಪ್ಪಾಗುತ್ತದೆ. ಪ್ರತಿ ಸಲ ಹಚ್ಚುವ ಮೊದಲು ಕಾಲು ಅಂಗುಲ ಉಳಿಯುವಂತೆ ಕತ್ತರಿಸಿದರೆ ಕಾಡಿಗೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ತಿರುಗುವ ಫ್ಯಾನಿನ ಕೆಳಗೆ ಇಡಲೇಬಾರದು; ಹೊಯ್ದಾಡುವ ಜ್ವಾಲೆಯೇ ಹೆಚ್ಚು ಕರಿ ಉಗುಳುವುದು. ಊದಿ ಆರಿಸಿದಾಗ ಏಳುವ ಬಿಳಿ ಹೊಗೆಯನ್ನು ತಪ್ಪಿಸಲು, ಬತ್ತಿಯನ್ನು ಕರಗಿದ ಮೇಣದೊಳಗೆ ಒಂದು ಕ್ಷಣ ಬಗ್ಗಿಸಿ ಎತ್ತಿದರೆ ಸಾಕು. ಬತ್ತಿಯೊಳಗೆ ಲೋಹದ ಎಳೆ ಇದ್ದರೆ ಬಿಳಿ ಕಾಗದದ ಮೇಲೆ ಉಜ್ಜಿ ನೋಡಬೇಕು. ಪೆನ್ಸಿಲಿನಿಂದ ಗೀಚಿದ ಹಾಗೆ ಬೂದು ಗೆರೆ ಬಿದ್ದರೆ ಅದು ಸೀಸ ಇರಬಹುದು. ಅಂಥ ಬತ್ತಿಗಳನ್ನು ಅಮೆರಿಕ 2003ರಲ್ಲೇ ನಿಷೇಧಿಸಿತು.

ಇನ್ನು ಪರಿಮಳ. ನಿಂಬೆ, ಕಿತ್ತಳೆ ವಾಸನೆ ಕೊಡುವ ಲಿಮೊನೀನ್ ಗಾಳಿಯಲ್ಲಿರುವ ಓಝೋನ್ ಜೊತೆ ಬೆರೆತು ಫಾರ್ಮಾಲ್ಡಿಹೈಡ್ ಆಗಿ ಮಾರ್ಪಡುತ್ತದೆ. ಇದು ರೇಷ್ಮೆ ಸೀಮೆಗೆ ಹೊಸದಲ್ಲ: ಹುಳುಮನೆಯ ಸೋಂಕು ತೊಳೆಯಲು ಬಹುಕಾಲ ಬಳಸಿದ ಫಾರ್ಮಲಿನ್ ಎಂದರೆ ಇದರದೇ ದ್ರಾವಣ. ಸಿಂಪಡಿಸಿದವರ ಕಣ್ಣುರಿ, ಗಂಟಲುರಿ, ಆಮೇಲೆ ಹುಳು ತರುವ ಮೊದಲು ಕಿಟಕಿ ಬಾಗಿಲು ತೆರೆದು ಗಾಳಿಯಾಡಿಸಿದ್ದು ಹಿರಿಯ ಬೆಳೆಗಾರರಿಗೆಲ್ಲ ಗೊತ್ತು. ಮೇಣದಬತ್ತಿಯಿಂದ ಬರುವ ಪ್ರಮಾಣ ಅದರ ಮುಂದೆ ತೀರಾ ಸಣ್ಣದು. ಗಾಳಿಯಾಡುವ ಕೋಣೆಯಲ್ಲಿ ಒಂದು ಬತ್ತಿಯನ್ನು ಒಂದೆರಡು ಗಂಟೆ ಉರಿಸಿದರೆ ಹೆದರಬೇಕಾಗಿಲ್ಲ. ಗಂಧದಕಡ್ಡಿಯ ಜೊತೆ ತೂಗಿದರೆ, ನೆಟ್ಟಗೆ ಉರಿಯುವ ಮೇಣದಬತ್ತಿಯೇ ಎಷ್ಟೋ ವಾಸಿ. ಸುಗಂಧವಿಲ್ಲದ್ದು ಇನ್ನೂ ವಾಸಿ.

‘ಪ್ಯೂರ್’, ‘ನ್ಯಾಚುರಲ್’, ‘ಹರ್ಬಲ್’ ಎಂಬ ಪದಗಳನ್ನು ಮಾತ್ರ ಹಾಗೇ ನಂಬಬಾರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಸಮಿತಿ ಮಾಡಿದರು. ಅವರ ತಾಲ್ಲೂಕಿನ ಜನ ಅಂಗಡಿಯ ಕಟ್ಟೆಯ ಮೇಲೂ ಅದೇ ಪ್ರಶ್ನೆ ಇಡಬಹುದು: ಒಳಗೆ ಏನೇನು ಹಾಕಿದ್ದೀರಿ, ಪೊಟ್ಟಣದ ಮೇಲೆ ಯಾಕೆ ಬರೆದಿಲ್ಲ? ‘ದೀಪದ ಎಣ್ಣೆ’ ಎಂದಷ್ಟೇ ಬರೆದು, ಯಾವ ಎಣ್ಣೆ ಎಂದು ಹೇಳದ ಬಾಟಲಿಗೂ ಇದು ಸಲ್ಲುತ್ತದೆ. ಎಳ್ಳೆಣ್ಣೆಯೋ ಹೊಂಗೆ ಎಣ್ಣೆಯೋ, ಹೆಸರಿರುವುದನ್ನು ಕೊಂಡು ಸಣ್ಣ ಬತ್ತಿಯಲ್ಲಿ ಉರಿಸುವುದು ಮೇಲು. ಅಂಗಡಿಯ ಕರ್ಪೂರ ಹೆಚ್ಚಾಗಿ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಮಂಗಳಾರತಿಗೆ ಒಂದು ಬಿಲ್ಲೆ ಸಾಕು, ಮನೆಯ ಗಾಳಿ ಶುದ್ಧವಾಗಲೆಂದು ಉರಿಸುವುದರಲ್ಲಿ ಅರ್ಥವಿಲ್ಲ. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು, ನುಂಗಿದರೆ ಫಿಟ್ಸ್ ಬರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸೊಳ್ಳೆ ಅಗರಬತ್ತಿ. ನೋಂದಣಿಯೇ ಇಲ್ಲದ ಕೀಟನಾಶಕ ಬೆರೆಸಿದ ಬತ್ತಿಗಳು ಊರೂರಿನ ಅಂಗಡಿಗಳಲ್ಲಿ ಸಿಗುತ್ತವೆ. ಭಾರತೀಯ ಮಾನಕ ಬ್ಯೂರೊ 2025ರ ಡಿಸೆಂಬರಿನಲ್ಲಿ ಅಗರಬತ್ತಿಗೆಂದು ತಂದ ಐಎಸ್ 19412 ಮಾನದಂಡ ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಫಿಪ್ರೊನಿಲ್ ಮುಂತಾದವು ಬತ್ತಿಯಲ್ಲಿ ಇರಕೂಡದು ಎನ್ನುತ್ತದೆ. ಈ ಪಟ್ಟಿಯ ಮೊದಲ ನಾಲ್ಕು ಹುಳುಮನೆಯವರು ದೂರವಿಡುವ ಪೈರೆಥ್ರಾಯ್ಡ್‌ಗಳೇ. ಸೊಳ್ಳೆಗೆ ಪರದೆ ಕಟ್ಟುವುದೇ ಸರಿ.

ಮನೆಯ ಹೊಗೆ ಕಡಿಮೆ ಮಾಡಲು ಶಿಡ್ಲಘಟ್ಟಕ್ಕೆ ಇನ್ನೊಂದು ಕಾರಣವೂ ಇದೆ. ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗಳ ಕೆಲಸಗಾರರ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಉಬ್ಬಸ ಕಂಡಿತ್ತು. ಹಗಲೆಲ್ಲ ಬಿಸಿನೀರಿನ ಆವಿ, ಗೂಡಿನ ದೂಳು ಕುಡಿದ ಎದೆಗೆ ಸಂಜೆ ಮನೆಯಲ್ಲೂ ಹೊಗೆ ಕೊಡುವುದು ಅನ್ಯಾಯ. ಸತ್ತ ಹುಳುವಿನ ನಾತವನ್ನು ಸಾಂಬ್ರಾಣಿಯಿಂದ ಮುಚ್ಚಬಹುದು, ಹೋಗಲಾಡಿಸಲು ಆಗುವುದಿಲ್ಲ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆ ಇಷ್ಟು ಹತ್ತಿರ ಇರುವಾಗ, ನೀರು ತುಂಬಿದ ಬಟ್ಟಲಲ್ಲಿ ಒಂದು ಹಿಡಿ ಸುಗಂಧರಾಜವೋ ಮಲ್ಲಿಗೆಯೋ ಇಟ್ಟರೆ ಏನನ್ನೂ ಸುಡದೆ ಮನೆ ಘಮಘಮಿಸುತ್ತದೆ.

ತುರ್ತಾಗಿ ಬದಲಾಗಬೇಕಾದದ್ದು ಬಾಣಂತಿ ಕೋಣೆ. ಗಾಳಿ ತಾಗಬಾರದೆಂದು ಕಿಟಕಿಗೆ ಬಟ್ಟೆ ತುರುಕಿ, ಕೂಸಿಗೆ ನೀರೆರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ತಲೆ ಆರಲಿ ಎಂದು ಮಗುವನ್ನು ಹೊಗೆಯ ಮೇಲೆ ಹಿಡಿಯುವುದು ಈ ಕಡೆಯ ತಾಲ್ಲೂಕುಗಳಲ್ಲಿ ಇನ್ನೂ ಇದೆ. ಇದರ ಹಿಂದೆ ಇರುವುದು ಅಕ್ಕರೆಯೇ. ಆದರೆ ಹಸುಗೂಸು ನಿಮಿಷಕ್ಕೆ ನಲವತ್ತರ ಆಸುಪಾಸು ಉಸಿರಾಡುತ್ತದೆ, ದೊಡ್ಡವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಕೆಂಡದಿಂದ ಕಣದ ಜೊತೆಗೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ತಲೆ ಒತ್ತಿ ಒರೆಸಿ, ಒಣ ಬಟ್ಟೆ ಸುತ್ತಿ ಅಮ್ಮನ ಮೈಗೆ ಅವುಚಿ ಮಲಗಿಸಿದರೆ ಕೂಸು ಬೆಚ್ಚಗಿರುತ್ತದೆ. ಶಾಸ್ತ್ರಕ್ಕೆ ಸಾಂಬ್ರಾಣಿ ಬೇಕೇ ಬೇಕು ಎನ್ನುವ ಅಜ್ಜಿಯರಿದ್ದರೆ ಧೂಪದ ಬಟ್ಟಲನ್ನು ಹೊಸ್ತಿಲಾಚೆ ಅಂಗಳದಲ್ಲಿಟ್ಟು, ತಾಯಿ ಮಗು ಒಳಗೇ ಇರಲಿ. ಹೊಗೆ ಪೂರ್ತಿ ಆರಿದ ಮೇಲೆ ಬಾಗಿಲು ತೆಗೆಯಲಿ.